ಮಹಾದೇವಿ ಎಂಬ ಹೆಸರು



ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಮಾತುಗಳನ್ನು ಆರಂಭಿಸುತ್ತೇನೆ. ಪದವಿ ತರಗತಿಗೆ ಕೇಶಿರಾಜನ ಸಮಾಸ ಪ್ರಕರಣವನ್ನು ಪಾಠ ಹೇಳುತ್ತಿದ್ದೆ. ಮಧ್ಯಾಹ್ನದ ಹೊತ್ತು. ಹೊರಗೆ ಸೊರಬದ ಮಳೆ. ಹುಡುಗರು ತೂಕಡಿಸುತ್ತಿದ್ದರು. ಅವರನ್ನು ಎಚ್ಚರಿಸುವುದಕ್ಕೆಂದು, ನಿಮ್ಮ ನಿಮ್ಮ ಹೆಸರುಗಳನ್ನೇ ಬಿಡಿಸಿ ಅವು ಯಾವ ಸಮಾಸವೆಂದು ಹೇಳಿರಿ ಎಂದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನನ್ನ ಹೆಸರು ಮಹಾದೇವಿ. ಅದನ್ನು ಹೇಗೆ ಬಿಡಿಸಬೇಕು?" ಎಂದು ಕೇಳಿದಳು. ಮಹಾದೇವನ ಹೆಂಡತಿ ಮಹಾದೇವಿ, ಎಂದರೆ ಪಾರ್ವತಿ, ಎಂದು ನಾನು ಥಟ್ಟನೆ ಉತ್ತರ ಕೊಟ್ಟೆ. ಆಕೆ ಕುಳಿತುಕೊಳ್ಳಲಿಲ್ಲ. "ಹಾಗಾದರೆ ಮದುವೆಗೆ ಮೊದಲು ಆಕೆಗೆ ಈ ಹೆಸರು ಇರಲಿಲ್ಲವೆ, ಸಾರ್?" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ನನಗೆ ಸ್ವಲ್ಪ ಮುಜುಗರವಾಯಿತು. ಕೂತುಕೋ ಎಂದು ಹೇಳಿ ಮುಂದಿನ ಸೂತ್ರಕ್ಕೆ ಹೋದೆ.

ಆ ಹುಡುಗಿಯ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ಅರ್ಧವಾಗಿತ್ತು. ಅವಳು ಕೇಳಿದ್ದು ಸಮಾಸವನ್ನು, ನಾನು ಹೇಳಿದ್ದು ಸ್ತ್ರೀಪ್ರತ್ಯಯವನ್ನು. ಈ ವ್ಯತ್ಯಾಸ ಬರಿಯ ವೈಯಾಕರಣರ ಹಟವೆಂದು ತಾವು ಭಾವಿಸಬಾರದು. ಹೆಸರನ್ನು ಹೊತ್ತವಳು ಯಾರು ಎಂಬ ವಿಚಾರವೇ ಇದರಲ್ಲಿ ಅಡಗಿದೆ.

ಪಾಣಿನಿ ಮಹರ್ಷಿಯ ಶಾಸ್ತ್ರದಲ್ಲಿ ಪುಂಯೋಗ ಎಂಬ ಒಂದು ವಿಧಾನವುಂಟು. ಪುರುಷನೊಡನೆ ಇರುವ ಸಂಬಂಧದಿಂದ ಸ್ತ್ರೀಗೆ ಹೆಸರು ಬರುವ ಕ್ರಮ ಅದು. ಗಣಕನ ಹೆಂಡತಿ ಗಣಕಿ; ಆಕೆಗೆ ಲೆಕ್ಕ ಬರಬೇಕೆಂಬ ನಿಯಮವಿಲ್ಲ. ಇಂದ್ರನ ಹೆಂಡತಿ ಇಂದ್ರಾಣಿ, ಭವನ ಹೆಂಡತಿ ಭವಾನಿ, ರುದ್ರನ ಹೆಂಡತಿ ರುದ್ರಾಣಿ. ಇವೆಲ್ಲ ಗಂಡನಿಂದ ಬಂದ ಹೆಸರುಗಳು. ಆದರೆ ನಮ್ಮ ಪೂರ್ವಿಕ ವೈಯಾಕರಣರು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದ್ದರು. ಆಚಾರ್ಯನ ಹೆಂಡತಿ ಆಚಾರ್ಯಾನೀ. ತಾನೇ ಪಾಠ ಹೇಳುವವಳು ಆಚಾರ್ಯಾ. ಎರಡನ್ನೂ ಬೇರೆ ಬೇರೆ ಮಾಡಿ ಹೇಳಬೇಕಾಗಿ ಬಂದಿತೆಂದ ಮೇಲೆ, ತಾನೇ ಪಾಠ ಹೇಳುವ ಹೆಂಗಸರು ಅವರ ಕಣ್ಣೆದುರಿಗೆ ಇದ್ದಿರಬೇಕಲ್ಲವೆ?

ಮಹಾದೇವಿ ಎಂಬ ಹೆಸರಿನ ಸೊಗಸು ಏನೆಂದರೆ ಅದು ಎರಡು ದಾರಿಯಿಂದಲೂ ಸಿದ್ಧವಾಗುತ್ತದೆ. ಮಹಾದೇವನಿಗೆ ಸಂಬಂಧಪಟ್ಟವಳು ಮಹಾದೇವಿ ಎನ್ನಬಹುದು. ಹಾಗೆಯೇ ಯಾರ ಹಂಗೂ ಇಲ್ಲದೆ, ಮಹತಿಯೂ ಹೌದು, ದೇವಿಯೂ ಹೌದು, ಆದ್ದರಿಂದ ಮಹಾದೇವಿ ಎಂದು ಕರ್ಮಧಾರಯವನ್ನು ಹೇಳಬಹುದು. ಮೊದಲನೆಯದರಲ್ಲಿ ಹಿರಿಮೆ ಗಂಡನದು, ಎರಡನೆಯದರಲ್ಲಿ ಅವಳದೇ. ಶಬ್ದದ ರೂಪ ಒಂದೇ. ಹೊರಗಿನಿಂದ ನೋಡಿ ಯಾವುದೆಂದು ಹೇಳಲಾಗದು. ದೇವೀಮಾಹಾತ್ಮ್ಯದಲ್ಲಿಯೂ ಲಲಿತಾಸಹಸ್ರನಾಮದಲ್ಲಿಯೂ ಈ ನಾಮ ಬರುತ್ತದೆ. ಅಲ್ಲಿ ಎರಡನೆಯ ಅರ್ಥವೇ ಮೇಲುಗೈಯೆಂದು ಶಾಕ್ತರು ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ.

ಆದರೆ ಈ ಶಬ್ದ ಮೊದಲು ಊರೂರಿಗೆ ತಿಳಿದದ್ದು ದೇವತೆಯ ಹೆಸರಾಗಿಯೊ ಅರಮನೆಯ ಪದವಿಯಾಗಿಯೊ ಎಂಬುದು ವಿಚಾರಾರ್ಹವಾದ ಸಂಗತಿ. ಪಟ್ಟಾಭಿಷೇಕವಾದ ರಾಣಿಯನ್ನು ಮಾತ್ರ ದೇವಿ ಎನ್ನಬೇಕು, ಉಳಿದ ರಾಣಿಯರು ಭಟ್ಟಿನಿಯರು ಎಂದು ಅಮರಸಿಂಹನು ನಾಟ್ಯವರ್ಗದಲ್ಲಿ ವಿಂಗಡಿಸುತ್ತಾನೆ. ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನ ಅವನನ್ನು ಮಹಾದೇವಿಯಾದ ಕುಮಾರದೇವಿಯ ಮಗನೆಂದು ಹೊಗಳುತ್ತದೆ. ಅಲ್ಲಿ ಕುಮಾರದೇವಿ ಹೆಸರು, ಮಹಾದೇವಿ ಹುದ್ದೆ. ಹುದ್ದೆಯನ್ನು ಕೊಟ್ಟವನು ದೊರೆ. ಇತರ ದೇಶಗಳಲ್ಲಿಯೂ ಇಂಥ ಹೆಸರುಗಳಿವೆ. ಲ್ಯಾಟಿನ್ನಿನ ರೆಜಿನಾ ಎಂದರೆ ರಾಣಿ, ಹೀಬ್ರೂ ಭಾಷೆಯ ಸಾರಾ ಎಂದರೆ ರಾಜಕುಮಾರಿ, ಅರಮಾಯಿಕ್ ಭಾಷೆಯ ಮಾರ್ಥಾ ಎಂದರೆ ಮನೆಯ ಒಡತಿ. ಬಡವರ ಮನೆಯ ತೊಟ್ಟಿಲಿನಲ್ಲಿ ರಾಣಿಯ ಹೆಸರನ್ನು ಕೂಗುವುದು ಎಲ್ಲ ನಾಡಿನ ತಾಯಂದಿರ ಆಸೆಯೆಂದು ತೋರುತ್ತದೆ.

ನಮ್ಮ ಕನ್ನಡ ನಾಡಿನಲ್ಲಿ ಈ ಪದವಿಯ ಅತ್ಯಂತ ಭವ್ಯವಾದ ನೆನಪು ಪಟ್ಟದಕಲ್ಲಿನಲ್ಲಿದೆ. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯನ್ನು ನಾವು ಇಂದು ವಿರೂಪಾಕ್ಷ ದೇವಾಲಯವೆನ್ನುತ್ತೇವೆ. ಆಗ ಅದರ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದವಳು ಆಕೆಯ ತಂಗಿ, ಅದೇ ದೊರೆಯ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಆ ಶಿವನ ಹೆಸರು ತ್ರೈಲೋಕ್ಯೇಶ್ವರ. ಇಲ್ಲಿ ಒಂದು ತಮಾಷೆಯನ್ನು ಗಮನಿಸಬೇಕು. ಮಹಾದೇವನಿಂದ ಮಹಾದೇವಿಗೆ ಹೆಸರು ಬರುವುದಕ್ಕೆ ಬದಲಾಗಿ ಮಹಾದೇವಿಯಿಂದ ಮಹಾದೇವನಿಗೆ ಹೆಸರು ಬಂದಿದೆ. ಪುಂಯೋಗ ತಲೆಕೆಳಗಾಗಿದೆ. ತಮಿಳುನಾಡಿನಲ್ಲಿ ಹತ್ತನೆಯ ಶತಮಾನದ ಚೋಳರಾಣಿ ಸೆಂಬಿಯನ್ ಮಹಾದೇವಿ, ಗಂಡ ಗಂಡರಾದಿತ್ಯನು ತೀರಿಕೊಂಡ ಬಳಿಕ, ಇಟ್ಟಿಗೆಯ ಗುಡಿಗಳನ್ನು ಒಂದೊಂದಾಗಿ ಕಲ್ಲಿನಲ್ಲಿ ಕಟ್ಟಿಸುತ್ತ ದೀರ್ಘಕಾಲ ಬಾಳಿದಳು. ಆಕೆಯ ಹೆಸರನ್ನು ಹೊತ್ತ ಊರೇ ಇದೆ.

ಇನ್ನು ನಮ್ಮ ಸೊರಬ, ಶಿಕಾರಿಪುರ ಸೀಮೆಗೆ ಬರೋಣ. ಹಳೆಯ ಬನವಾಸಿ ಪನ್ನಿರ್ಚ್ಛಾಸಿರದಲ್ಲಿ ಇದು ನಾಗರಖಂಡವೆಂದು ಹೆಸರಾದ ಭಾಗ. ನಮ್ಮ ತಾಲ್ಲೂಕಿನ ಕುಪ್ಪಟೂರಿನಲ್ಲಿ, ಈಗ ನಾವು ಕುಬಟೂರು ಎನ್ನುವ ಊರಿನಲ್ಲಿ, ಕದಂಬ ಕೀರ್ತಿದೇವನ ಹಿರಿಯ ರಾಣಿ ಮಾಳಲದೇವಿ ಹನ್ನೊಂದನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಪಾರ್ಶ್ವದೇವರ ಚೈತ್ಯಾಲಯವನ್ನು ಮಾಡಿಸಿದಳು. ಆ ಅಗ್ರಹಾರದ ಬ್ರಾಹ್ಮಣರೇ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರೆಂದು ಶಾಸನ ಹೇಳುತ್ತದೆ. ಬಳ್ಳಿಗಾವೆ ತನ್ನ ಮಗಳೆಂದು ಹೇಳಿಕೊಳ್ಳುವ ಶಾಂತಲೆ ಹೊಯ್ಸಳ ವಿಷ್ಣುವರ್ಧನನ ಪಿರಿಯರಸಿ, ಪಟ್ಟಮಹಾದೇವಿ. ಬೇಲೂರಿನಲ್ಲಿ ಕಪ್ಪೆಚೆನ್ನಿಗರಾಯನ ಗುಡಿಯನ್ನೂ ಶ್ರವಣಬೆಳ್ಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಮಾಡಿಸಿ, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಸಿ. ಕೆ. ನಾಗರಾಜರಾಯರು ಆಕೆಯನ್ನು ಕುರಿತು ಬರೆದ ಬೃಹತ್ಕಾದಂಬರಿಯ ಹೆಸರಿನಲ್ಲಿಯೇ ಪಟ್ಟಮಹಾದೇವಿ ಎಂಬ ಪದವಿದೆ. 1983ರ ಮೊದಲ ಮೂರ್ತಿದೇವಿ ಪ್ರಶಸ್ತಿ ಅದಕ್ಕೆ ಸಂದಿತು.

ಮಾಳಲದೇವಿ, ಶಾಂತಲೆಯರಿಗಿಂತ ಹಿಂದಿನ ಒಬ್ಬಳನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ಆಕೆಯ ಹೆಸರು ಜಕ್ಕಿಯಬ್ಬೆ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಗಂಡ ಸತ್ತ ಮೇಲೆ ಆಕೆಗೇ ಆ ಅಧಿಕಾರವನ್ನು ಕೊಟ್ಟರು. ಆಕೆ ನಾಗರಖಂಡ ಎಪ್ಪತ್ತನ್ನು ಆಳಿದಳು. ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಆಕೆಯ ಹೆಸರಿನಲ್ಲಿ ಮಹಾ ಇಲ್ಲ, ದೇವಿಯೂ ಇಲ್ಲ. ಅಬ್ಬೆ ಎಂಬ ಅಚ್ಚಗನ್ನಡದ ತಾಯಿ ಇದ್ದಾಳೆ, ಅಷ್ಟೆ. ಬಂದಳಿಕೆಗೆ ಹೋದವರು ಗುಡಿಗಳ ಕೆತ್ತನೆಯನ್ನು ನೋಡಿ ಹಿಂದಿರುಗುತ್ತಾರೆ. ಜಕ್ಕಿಯಬ್ಬೆಯ ಶಾಸನದ ಮುಂದೆಯೂ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಕೋರಿಕೆ.

ಸೊರಬದಿಂದ ಶಿರಾಳಕೊಪ್ಪಕ್ಕೆ ಹೋದರೆ ಆ ಸುತ್ತಿನಲ್ಲಿಯೇ ತಾಳಗುಂದ, ಬಳ್ಳಿಗಾವೆ, ಉಡುತಡಿ ಎಲ್ಲವೂ ಇವೆ. ಉಡುಗಣಿ ಎಂಬುದು ಆ ಉಡುತಡಿಯ ಇಂದಿನ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಈ ಊರಿನ ಶಿವಭಕ್ತ ದಂಪತಿಗಳು ತಮ್ಮ ಮಗಳಿಗೆ ಮಹಾದೇವಿ ಎಂದು ಹೆಸರಿಟ್ಟರು. ಹರಿಹರನ ರಗಳೆಯಲ್ಲಿ ಆ ತಂದೆತಾಯಿಗಳಿಗೆ ಶಿವಭಕ್ತ, ಶಿವಭಕ್ತೆ ಎಂಬುದೇ ಹೆಸರು. ಚಾಮರಸನ ಪ್ರಭುಲಿಂಗಲೀಲೆಗೆ ಬರುವಷ್ಟರಲ್ಲಿ ಅವರು ನಿರ್ಮಲ, ಸುಮತಿ ಆಗಿದ್ದಾರೆ. ಹೆಸರಿಡುವಾಗ ಅವರ ಮನಸ್ಸಿನಲ್ಲಿ ಇದ್ದದ್ದು ಶಿವನ ರಾಣಿಯೇ ಹೊರತು ದೊರೆಯ ರಾಣಿಯಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪಕ್ಕದ ಬಳ್ಳಿಗಾವೆ ಆ ಕಾಲಕ್ಕೆ ರಾಜಧಾನಿಯಂಥ ಪಟ್ಟಣ. ಅಲ್ಲಿಯ ಕಲ್ಲುಗಳ ಮೇಲೆ ಪಿರಿಯರಸಿಯರ, ಪಟ್ಟದ ರಾಣಿಯರ ಬಿರುದುಗಳನ್ನು ಓದಬಲ್ಲವರು ಓದುತ್ತಿದ್ದರು, ಓದಲಾರದವರು ಕೇಳುತ್ತಿದ್ದರು. ಆ ಹೆಸರಿನ ಎರಡು ಅರ್ಥಗಳೂ ಆ ಹುಡುಗಿಯ ಕಿವಿಗೆ ಬಿದ್ದಿರಲೇಬೇಕು.

ಮುಂದೆ ನಡೆದದ್ದು ತಮಗೆಲ್ಲ ತಿಳಿದ ಕಥೆ. ಕೌಶಿಕನೆಂಬ ದೊರೆ ಆಕೆಯನ್ನು ಕಂಡು ಬಯಸಿದ. ಭವಿಯಾದ ಅವನ ಅರಮನೆಗೆ ಆಕೆ ಹೋದದ್ದು ಕರಾರಿನ ಮೇಲೆ ಎಂದು ಹರಿಹರ ಹೇಳುತ್ತಾನೆ: ಲಿಂಗಪೂಜೆಗೆ, ಶರಣರ ಸಂಗಕ್ಕೆ, ಗುರುಸೇವೆಗೆ ಅಡ್ಡಿ ಬರಕೂಡದು. ದೊರೆ ಕರಾರನ್ನು ಮುರಿದ. ಆಕೆ ಹೊರಟಳು. ಚಾಮರಸನಲ್ಲಾದರೋ ಮದುವೆ ನಡೆಯುವುದೇ ಇಲ್ಲ. ಇವೆರಡರಲ್ಲಿ ಯಾವುದು ನಿಜವೆಂದು ನಮ್ಮ ವಿದ್ವಾಂಸರು ಬಹಳ ಕಾಗದವನ್ನು ಖರ್ಚು ಮಾಡಿದ್ದಾರೆ. ಮದುವೆಯಾಗಿತ್ತೆಂದರೆ ಅಕ್ಕನ ಹಿರಿಮೆಗೆ ಕುಂದು ಬಂದೀತೆಂದು ಅಂಜಿದವರ ವಾದಗಳನ್ನು ಓದಿದಾಗಲೆಲ್ಲ ನನಗೆ ನಗು ಬಂದಿದೆ. ಆಗಿತ್ತೆಂದು ಇಟ್ಟುಕೊಂಡರೆ ಬಿಟ್ಟುಬರುವುದು ಇನ್ನೂ ಕಷ್ಟವಲ್ಲವೆ?

ನನಗೆ ಮುಖ್ಯವೆಂದು ಕಾಣುವ ಸಂಗತಿ ಬೇರೆ. ಆಕೆ ಕೌಶಿಕನಲ್ಲಿ ಉಳಿದಿದ್ದರೆ ಏನಾಗುತ್ತಿತ್ತು? ಪಟ್ಟ ಕಟ್ಟಿಸಿಕೊಂಡು ಮಹಾದೇವಿಯಾಗುತ್ತಿದ್ದಳು. ಹೆಸರಾಗಿದ್ದುದು ಹುದ್ದೆಯಾಗುತ್ತಿತ್ತು. ಒಂದೆರಡು ದತ್ತಿಶಾಸನಗಳಲ್ಲಿ, ದೊರೆಯ ಬಿರುದುಗಳ ಸಾಲು ಮುಗಿದ ಬಳಿಕ, ಅವನ ಅರ್ಧಾಂಗಿಯೆಂದು ಆಕೆಯ ಹೆಸರೂ ಬರುತ್ತಿತ್ತು. ತಂದೆತಾಯಿಗಳು ಕೊಟ್ಟ ಹೆಸರನ್ನು ದೊರೆಯ ಕೈಯಿಂದ ಎರಡನೆಯ ಸಲ ಪಡೆಯುವುದಕ್ಕೆ ಒಪ್ಪದೆ ಆಕೆ ಉಟ್ಟ ಬಟ್ಟೆಯನ್ನೂ ಅಲ್ಲಿಯೇ ಬಿಟ್ಟು ನಡೆದಳು.

ಇಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಇದ್ದಿದ್ದರೆ ಮತ್ತೆ ಎದ್ದು ನಿಲ್ಲುತ್ತಿದ್ದಳು. ಅಕ್ಕ ಕೂಡ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದಳಲ್ಲ, ಹಾಗಾದರೆ ಆಕೆಯೂ ಪುಂಯೋಗದಿಂದಲೇ ಮಹಾದೇವಿಯಾದಳಲ್ಲವೆ ಎಂದು ಕೇಳುತ್ತಿದ್ದಳು. ಕೇಳತಕ್ಕ ಪ್ರಶ್ನೆಯೇ ಸರಿ. ಕಲ್ಯಾಣದಲ್ಲಿ ಅಲ್ಲಮಪ್ರಭು ಕೇಳಿದ್ದೂ ಹೆಚ್ಚು ಕಡಿಮೆ ಅದನ್ನೇ. ನಿನ್ನ ಗಂಡನಾರು, ಅವನ ಕುರುಹನ್ನು ಹೇಳು, ಇಲ್ಲವಾದರೆ ಇಲ್ಲಿಂದ ಹೊರಡು ಎಂದು ಆತ ಅಡ್ಡಹಾಕಿದ ಸಂದರ್ಭ ಶೂನ್ಯಸಂಪಾದನೆಯ ಅತ್ಯಂತ ಬಿಸಿಯಾದ ಭಾಗ. ನನಗೆ ಅದನ್ನು ಓದುವಾಗ ಒಂದು ಲೌಕಿಕವಾದ ಯೋಚನೆ ಬಂದೇ ಬರುತ್ತದೆ. ಅಲ್ಲಮ ಬಳ್ಳಿಗಾವೆಯವನೆಂದು ಪ್ರತೀತಿ. ಮಹಾದೇವಿ ಉಡುತಡಿಯವಳು. ಎತ್ತಿನ ಗಾಡಿಯಲ್ಲಿ ಹೋಗಿಬರಬಹುದಾದ ನೆರೆಯೂರಿನವರಿಬ್ಬರು ಅಷ್ಟು ದೂರದ ಕಲ್ಯಾಣದಲ್ಲಿ ಎದುರುಬದುರಾಗಿ ನಿಂತು, ಒಬ್ಬರ ಊರನ್ನೊಬ್ಬರು ಕೇಳದೆ, ಗಂಡನ ಕುರುಹಿನ ಮಾತನ್ನು ಆಡುತ್ತಿದ್ದಾರೆ! ನಮ್ಮ ಕಡೆಯ ಯಾವ ಇಬ್ಬರಿಂದಲೂ ಇದು ಸಾಧ್ಯವಾದೀತೆಂದು ನಾನು ನಂಬಲಾರೆ.

ಆಕೆ ಕೊಟ್ಟ ಉತ್ತರದ ಸಾರವೇನು? ತನ್ನ ಗಂಡನಿಗೆ ಸಾವಿಲ್ಲ, ರೂಪಿಲ್ಲ, ಎಡೆಯಿಲ್ಲ, ಕುಲವಿಲ್ಲ ಎಂಬ ಭಾವ ಆಕೆಯ ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರೂಪು, ಕುಲ, ಊರು ಯಾವುದೂ ಇಲ್ಲದ ಗಂಡನಿಂದ ಹೆಂಡತಿಗೆ ಯಾವ ಪದವಿ ಬರಬೇಕು? ಗಣಕನಿದ್ದರೆ ಗಣಕಿ. ಇಲ್ಲಿ ಗಣಕನ ಹುದ್ದೆಯೇ ಇಲ್ಲ. ಹಾಗೆ ನೋಡಿದರೆ ಆಕೆ ಮೊದಲನೆಯ ವ್ಯುತ್ಪತ್ತಿಯನ್ನು ಬಾಯಲ್ಲಿ ಒಪ್ಪಿಕೊಂಡು ಬಾಳಿನಲ್ಲಿ ಎರಡನೆಯದನ್ನು ಸಾಧಿಸಿದಳೆಂದು ನನಗೆ ತೋರುತ್ತದೆ. ಇದನ್ನು ಒಪ್ಪದ ಅನುಭಾವಿಗಳು ಇರಬಹುದು. ನಾನು ವೈಯಾಕರಣ, ನನ್ನ ಕಣ್ಣಿಗೆ ಹೀಗೆ ಕಂಡಿದೆ.

ಶರಣರು ಆಕೆಗೆ ಕೊಟ್ಟ ಗೌರವದಲ್ಲಿಯೂ ಒಂದು ಸೂಕ್ಷ್ಮವಿದೆ. ಅವರು ಅಕ್ಕ ಎಂದರು. ಅತ್ತಿಗೆ, ಸೊಸೆ, ಮಾವನ ಮನೆಯವಳು ಮುಂತಾದ ಸಂಬಂಧಗಳೆಲ್ಲ ಮದುವೆಯಿಂದ ಬರುವಂಥವು. ಅಕ್ಕನಾಗುವುದಕ್ಕೆ ಯಾವ ಮದುವೆಯೂ ಬೇಕಿಲ್ಲ, ಬೆನ್ನ ಹಿಂದೆ ಒಂದು ಮಗು ಹುಟ್ಟಿದರೆ ಸಾಕು. ವಯಸ್ಸಿನಲ್ಲಿ ಹಿರಿಯರಾದವರೂ ಆ ಎಳೆಯ ಹೆಣ್ಣನ್ನು ಅಕ್ಕನೆಂದು ಕರೆದರು. ಈ ಶಬ್ದ ದ್ರಾವಿಡ ಭಾಷೆಗಳ ಅಚ್ಚ ಸ್ವತ್ತು. ಸಂಸ್ಕೃತ ವ್ಯಾಕರಣದಲ್ಲಿಯೂ ಇದು ತಾಯಿ ಎಂಬ ಅರ್ಥದಲ್ಲಿ ನುಸುಳಿದೆ. ಸಂಬೋಧನೆಯಲ್ಲಿ ಹ್ರಸ್ವವಾಗುವುದಕ್ಕೆ ವೃತ್ತಿಕಾರರು ಅಂಬ, ಅಕ್ಕ, ಅಲ್ಲ ಎಂಬ ಉದಾಹರಣೆಗಳನ್ನು ಕೊಡುತ್ತಾರೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಪಂಡಿತರು, ಸಂಸ್ಕೃತವು ನಮ್ಮಿಂದ ಪಡೆದಿರಬಹುದಾದ ಶಬ್ದಗಳಲ್ಲಿ ಇದನ್ನು ಎಣಿಸಿದ್ದಾರೆ.

ಅಕ್ಕ ಎಂಬುದು ಅರಮನೆಯಲ್ಲಿಯೂ ಇತ್ತು. ಕಲ್ಯಾಣ ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು, ಬನವಾಸಿ ನಾಡುಗಳನ್ನು ಆಳಿದಳು. ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು. ಗುಣದಬೆಡಂಗಿ ಎಂಬ ಬಿರುದು ಆಕೆಯದು. ಶರಣೆಯರಲ್ಲಿಯೂ ಅಕ್ಕಂದಿರು ಹಲವರು. ನಮ್ಮ ಶಿಕಾರಿಪುರದ ಕಡೆಯ ಹಿರೇಜಂಬೂರಿನವಳೆನ್ನುವ ಸತ್ಯಕ್ಕ ಅವರಲ್ಲಿ ಒಬ್ಬಳು. ಹರಿಹರನು ರಗಳೆಗೆ ಇಟ್ಟ ಹೆಸರು ಮಹಾದೇವಿಯಕ್ಕನ ರಗಳೆ. ಕನ್ನಡದ ಸಹಜಕ್ರಮ ಅದು, ಸೀತಕ್ಕ, ರಾಮಣ್ಣ ಇದ್ದ ಹಾಗೆ. ಸಂಬಂಧವಾಚಕ ಹೆಸರಿನ ಹಿಂದೆ ಬಂದು ಅಂಟಿಕೊಳ್ಳುತ್ತದೆ. ಇಂದು ನಾವು ಅಕ್ಕಮಹಾದೇವಿ ಎನ್ನುತ್ತೇವೆ. ಹಿಂದಿದ್ದ ಅಕ್ಕ ಮುಂದೆ ಬಂದಾಗ ಮನೆಯ ಮಾತು ಬಿರುದಾಗುತ್ತದೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಮಹಾದೇವಿಯಕ್ಕ ಎಂಬ ಹಳೆಯ ರೂಪವನ್ನೇ ಉಳಿಸಿದರು. ಅವರ ಕಿವಿ ಸೂಕ್ಷ್ಮವಾದದ್ದು.

ಈಗ ಅಕ್ಕಮಹಾದೇವಿ ಎಂಬ ಇಡೀ ಪದವನ್ನೇ ಕೂಸಿಗೆ ಹೆಸರಾಗಿಡುವ ಮನೆಗಳಿವೆ. ತೊಟ್ಟಿಲಲ್ಲಿ ಮಲಗಿರುವ ಮೂರು ತಿಂಗಳ ಮಗುವನ್ನು ಎಪ್ಪತ್ತು ವರ್ಷದ ಅಜ್ಜಿ "ಅಕ್ಕಾ" ಎಂದು ಕರೆಯುವುದನ್ನು ನಾನೇ ಕೇಳಿದ್ದೇನೆ. ಕಲ್ಯಾಣದ ಶರಣರು ಮಾಡಿದ್ದೂ ಅದನ್ನೇ ತಾನೆ! 1998ರಲ್ಲಿ ಅಮೆರಿಕದ ಕನ್ನಡಿಗರು ತಮ್ಮ ಕೂಟಗಳ ಒಕ್ಕೂಟವನ್ನು ಕಟ್ಟಿದಾಗ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ 'ಅಕ್ಕ' ಎಂದಾಯಿತು. ಅಕ್ಷರಗಳು ತಾವಾಗಿ ಸೇರಿದವೊ ಯಾರಾದರೂ ಜಾಣರು ಸೇರಿಸಿದರೊ, ಅಂತೂ ಒಳ್ಳೆಯ ಹೆಸರು.

ಅಕ್ಕನ ಕಾಲದಲ್ಲಿಯೇ ಇನ್ನೊಬ್ಬ ಮಹಾದೇವಿ ಕಲ್ಯಾಣದಲ್ಲಿದ್ದಳು. ಮೋಳಿಗೆಯ ಮಾರಯ್ಯನ ಹೆಂಡತಿ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದ ದಂಪತಿಗಳೆಂದು ಸಂಪ್ರದಾಯ ಹೇಳುತ್ತದೆ. ಇಲ್ಲಿ ಮಾರಯ್ಯ ಕಾಡಿನಿಂದ ಸೌದೆ ಕಡಿದು ತಂದು ಮಾರಿ ಜಂಗಮದಾಸೋಹ ನಡೆಸುತ್ತಿದ್ದ. ಒಬ್ಬ ಮಹಾದೇವಿ ರಾಣಿಯಾಗಲು ಒಪ್ಪದೆ ಕಲ್ಯಾಣಕ್ಕೆ ಬಂದಳು, ಇನ್ನೊಬ್ಬಳು ರಾಣಿತನವನ್ನು ಕಳಚಿಟ್ಟು ಸೌದೆಹೊರೆಯ ಮನೆಗೆ ಬಂದಳು. ಈಕೆಯ ವಚನಗಳಿಗೆ ಸಿಗಬೇಕಾದಷ್ಟು ಓದುಗರು ಸಿಕ್ಕಿಲ್ಲ. ಹೆಸರಿನ ಸಾಮ್ಯವೇ ಅದಕ್ಕೆ ಒಂದು ಕಾರಣವಾಗಿರಬಹುದು. ಮಹಾದೇವಿ ಎಂದೊಡನೆ ನಾವು ಉಡುತಡಿಯ ಕಡೆಗೆ ತಿರುಗುತ್ತೇವೆ.

ಆ ಬಳಿಕ ಈ ಹೆಸರು ಅರಮನೆಯಿಂದ ಇಳಿದು ಹಟ್ಟಿ ಹಟ್ಟಿಗೆ ಹರಿಯಿತು. ಬಡಗಣ ಜಿಲ್ಲೆಗಳಲ್ಲಿ ಮಾದೇವಿ, ಮಾದೇವಕ್ಕ. ಮೈಸೂರು, ಚಾಮರಾಜನಗರದ ಕಡೆ ಮಹದೇವಮ್ಮ. ಅಲ್ಲಿ ಅದರ ಬೇರು ಉಡುತಡಿಗಿಂತ ಹೆಚ್ಚಾಗಿ ಮಲೆಯ ಮಾದಪ್ಪನ ಬೆಟ್ಟದಲ್ಲಿದೆ. ನಮ್ಮ ಮಲೆನಾಡಿನ ಅಂಚಿನಲ್ಲಿ ಎರಡೂ ಬಗೆಯವು ಕಿವಿಗೆ ಬೀಳುತ್ತವೆ. ಹುಡುಗಿಯರ ಹೆಸರು ಮಾತ್ರವೆಂದು ತಿಳಿಯಬೇಡಿ. ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯ ಈ ಹೆಸರಿನ ಜೋಡಿಯೇ.

ಇತ್ತೀಚಿನವರಲ್ಲಿ ಇಬ್ಬರ ಮಾತನ್ನು ಹೇಳಬೇಕು. ಚಿತ್ರದುರ್ಗ ಜಿಲ್ಲೆಯಲ್ಲಿ 1946ರಲ್ಲಿ ಹುಟ್ಟಿದ ರತ್ನಾ ಎಂಬ ಹುಡುಗಿ ದೀಕ್ಷೆ ಪಡೆದು ಮಾತೆ ಮಹಾದೇವಿಯಾದರು. 1970ರಲ್ಲಿ ಜಗದ್ಗುರು ಪೀಠವನ್ನು ಏರಿದರು. ಹೆಣ್ಣೊಬ್ಬಳು ಆ ಪೀಠದಲ್ಲಿ ಕುಳಿತದ್ದು ಆಗ ದೊಡ್ಡ ಸುದ್ದಿ. ಬಸವಣ್ಣನ ವಚನಗಳ ಅಂಕಿತವನ್ನು ಬದಲಿಸಿ ಪ್ರಕಟಿಸಿದ ಗ್ರಂಥ ನಿಷೇಧಕ್ಕೊಳಗಾಗಿ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಆ ವಿವಾದ ನಡೆಯಿತು. ಅಂಕಿತದ ವಿಚಾರದಲ್ಲಿ ನಾನು ಅವರ ಪಕ್ಷದವನಲ್ಲ. ಅವರು 2019ರಲ್ಲಿ ಲಿಂಗೈಕ್ಯರಾದರು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನಿಟ್ಟದ್ದನ್ನೂ ಈ ಸಾಲಿನಲ್ಲಿಯೇ ನೆನೆಯಬಹುದು.

ಇನ್ನೊಬ್ಬರು ಹಿಂದಿಯ ಮಹಾಕವಯಿತ್ರಿ ಮಹಾದೇವಿ ವರ್ಮಾ. 1907ರಲ್ಲಿ ಫರೂಖಾಬಾದಿನಲ್ಲಿ ಹುಟ್ಟಿ, ಪ್ರಯಾಗ ಮಹಿಳಾ ವಿದ್ಯಾಪೀಠವನ್ನು ಬಹುಕಾಲ ನಡೆಸಿ, 1982ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದು, 1987ರಲ್ಲಿ ತೀರಿಕೊಂಡರು. ಅವರ ಬಾಲ್ಯದ ನೆನಪುಗಳಲ್ಲಿ ಬರುವ ಒಂದು ಸಂಗತಿಯನ್ನು ನಾನು ತರಗತಿಯಲ್ಲಿ ಹೇಳುವಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಅವರ ವಂಶದಲ್ಲಿ ಸುಮಾರು ಇನ್ನೂರು ವರ್ಷಗಳ ಕಾಲ ಹೆಣ್ಣುಮಗುವೇ ಇರಲಿಲ್ಲ. ಅದಕ್ಕೂ ಮೊದಲು ಹೆಣ್ಣುಮಕ್ಕಳನ್ನು ಹುಟ್ಟಿದೊಡನೆಯೇ ಪರಲೋಕಕ್ಕೆ ಕಳುಹಿಸುತ್ತಿದ್ದರಂತೆ. ತಾತ ಕುಲದೇವತೆಯಾದ ದುರ್ಗೆಯನ್ನು ಬಹಳವಾಗಿ ಪೂಜಿಸಿದ ಮೇಲೆ ಹುಟ್ಟಿದವಳು ಈಕೆ. ದೇವಿಯೇ ಬಂದಳೆಂದು ಮನೆಯವರು ಬಗೆದರು. ಆ ಮನೆಯಲ್ಲಿ ಮಹಾದೇವಿ ಎಂಬ ಹೆಸರಿಗೆ ಉಳಿದುಕೊಂಡವಳು ಎಂಬ ಮೂರನೆಯ ಅರ್ಥವೊಂದು ಹುಟ್ಟಿತು. ಯಾವ ನಿಘಂಟಿನಲ್ಲಿಯೂ ಅದು ಇಲ್ಲ. ಆಧುನಿಕ ಮೀರಾ ಎಂದು ಹಿಂದಿಯವರು ಅವರನ್ನು ಹೊಗಳುತ್ತಾರೆ. ನಮಗೆ ಮೀರಾಳಿಗಿಂತ ಮೊದಲು ಅಕ್ಕನ ನೆನಪಾಗುವುದು ಸಹಜ. ಆದರೆ ಹೆಣ್ಣಿನ ಸಂಕೋಲೆಗಳನ್ನು ಕುರಿತು ಅವರು ಬರೆದ ಗದ್ಯವನ್ನು ಓದಿದರೆ ಭಕ್ತಿಯ ಹೋಲಿಕೆ ಅಷ್ಟಾಗಿ ಸಾಲದೆಂದು ತಿಳಿಯುತ್ತದೆ. ಆಕೆ ಕಣ್ಣೀರಿನ ಕವಿ ಮಾತ್ರವಾಗಿರಲಿಲ್ಲ, ಕೋಪದ ಲೇಖಕಿಯೂ ಆಗಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಪ್ರತಿ ತರಗತಿಯ ಹಾಜರಿ ಪುಸ್ತಕದಲ್ಲಿ ಒಬ್ಬಳೋ ಇಬ್ಬರೋ ಮಹಾದೇವಿಯರು ಇರುತ್ತಿದ್ದರು. ನಿವೃತ್ತನಾಗುವ ವರ್ಷ ಒಬ್ಬಳೂ ಇರಲಿಲ್ಲ. ಎರಡಕ್ಷರದ, ಕೂಗಲು ಹಗುರವಾದ ಹೆಸರುಗಳ ಕಾಲ ಬಂದಿದೆ. ಅದರಲ್ಲಿ ದೂರಬೇಕಾದದ್ದೇನೂ ಇಲ್ಲ. ಜಕ್ಕಿಯಬ್ಬೆ ಎಂಬ ಹೆಸರನ್ನೂ ಈಗ ಯಾರೂ ಇಡುವುದಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನನ್ನ ಮನೆಯ ಬಾಗಿಲಿಗೆ ತಲೆ ಅರ್ಧ ನರೆತ ಮಹಿಳೆಯೊಬ್ಬರು ಬಂದರು. ಸಮಾಸ ಕೇಳಿದ ಅದೇ ಹುಡುಗಿ. ಪ್ರೌಢಶಾಲೆಯಲ್ಲಿ ಅಧ್ಯಾಪಿಕೆ. ಬಂದ ಕಾರಣ ವಿಚಿತ್ರವಾಗಿತ್ತು. ಹಳ್ಳಿಯ ಶಾಲೆಗೆ ಸೇರಿಸುವಾಗ ಮೇಷ್ಟರು ದಾಖಲೆಯಲ್ಲಿ ದೀರ್ಘವನ್ನು ಬಿಟ್ಟು 'ಮಹದೇವಿ' ಎಂದು ಬರೆದಿದ್ದರು. ಸೇವಾಪುಸ್ತಕದಲ್ಲಿ 'ಮಹಾದೇವಿ' ಎಂದಿತ್ತು. ಇಬ್ಬರೂ ಒಬ್ಬರೇ ಎಂದು ರುಜುವಾತಾಗಬೇಕೆಂದು ಕಚೇರಿಯೊಂದರಲ್ಲಿ ಕಾಗದವನ್ನು ಹಿಂದಕ್ಕೆ ಕಳುಹಿಸಿದ್ದರು. ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ಪೇಚಾಟವೇ ಇರುತ್ತಿರಲಿಲ್ಲ, ಆ ಲಿಪಿಗೆ ನಮ್ಮ ಹ್ರಸ್ವದೀರ್ಘಗಳ ಗೊಡವೆಯಿಲ್ಲ.

"ಸಾರ್, ಎರಡಕ್ಕೂ ಅರ್ಥ ಒಂದೇ ಎಂದು ತಾವು ಒಂದು ಪತ್ರ ಬರೆದುಕೊಡಬೇಕು" ಎಂದರು.

ನಾನು ಇಕ್ಕಟ್ಟಿಗೆ ಸಿಕ್ಕಿದೆ. ವ್ಯಾಕರಣದ ಪ್ರಕಾರ ಅರ್ಥ ಒಂದೇ ಅಲ್ಲ. ಮಹತ್ ಶಬ್ದ ದೀರ್ಘವಾಗಿ ಮಹಾ ಎಂದಾಗುವುದು ಅದು ದೇವಿಗೇ ವಿಶೇಷಣವಾಗಿದ್ದಾಗ. ದೊಡ್ಡವನೊಬ್ಬನ ದೇವಿ ಎಂದು ಹೇಳಬೇಕಾದರೆ ದೀರ್ಘ ಬರುವುದಿಲ್ಲ, ಮಹದ್ದೇವಿ ಎಂದಾಗುತ್ತದೆ. ಒಂದು ದಕಾರ ಉದುರಿದರೆ ಮೇಷ್ಟರು ಬರೆದ ಮಹದೇವಿ. ಇದನ್ನು ವಿವರಿಸಿದೆ. ಮೂವತ್ತು ವರ್ಷ ತಡವಾಗಿ ಕೊಟ್ಟ ಉತ್ತರವೆಂದು ತಪ್ಪೊಪ್ಪಿಗೆಯನ್ನೂ ಸೇರಿಸಿದೆ. ಆಕೆ ನಕ್ಕರು. ಅಂದು ತರಗತಿಯಲ್ಲಿ ಕೇಳಿದ್ದು ನೆನಪಿದೆಯೆ ಎಂದೆ. "ಇಲ್ಲದೆ ಏನು ಸಾರ್, ಮನೆಗೆ ಹೋಗಿ ಅಮ್ಮನನ್ನು ಕೇಳಿದ್ದೆ. ಉಡುಗಣಿಗೆ ಹರಕೆ ಹೊತ್ತು ಹುಟ್ಟಿದವಳು, ಅದಕ್ಕೆ ಆ ಹೆಸರು ಎಂದಿದ್ದರು" ಎಂದರು.

ನನ್ನ ಪತ್ರಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲ, ನೋಟರಿಯವರ ಮುಂದೆ ಪ್ರಮಾಣಪತ್ರ ಮಾಡಿಸಬೇಕು ಎಂದು ತಿಳಿಸಿದೆ. ಆದರೂ ಬರೆದುಕೊಟ್ಟೆ. ಅರ್ಥದ ಗೋಜಿಗೆ ಹೋಗಲಿಲ್ಲ. ಎರಡು ಹೆಸರೂ ನನ್ನ ವಿದ್ಯಾರ್ಥಿನಿಯಾಗಿದ್ದ ಒಬ್ಬರದೇ ಎಂದಷ್ಟೇ ಬರೆದೆ. ಕೆಳಗೆ ಅವರೂ ರುಜು ಹಾಕಲಿ ಎಂದು ಲೇಖನಿಯನ್ನು ಕೊಟ್ಟೆ. ಹಕಾರದ ಪಕ್ಕದ ದೀರ್ಘವನ್ನು ಅವರು ಉದ್ದವಾಗಿ, ಕಾಗದದ ಅಂಚು ಮುಟ್ಟುವಂತೆ ಎಳೆದರು.

(ಬಾನುಲಿ ಭಾಷಣದ ಪಾಠ)